ಗಾಜಾ ಬಿಟ್ಟು ಬಂದ ಪತ್ರಕರ್ತರಿಗೆ ಕನ್ನಡದವರು ಏನು ಮಾಡಬಹುದು?

ಕೆಂಪುಮಣ್ಣು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗ ಚಿಕ್ಕದು, ಹದಿನಾಲ್ಕು ಜನ. ತಿಂಗಳಿಗೊಂದು ಒಳ್ಳೆಯ ವರದಿಯನ್ನು ಹೊರಗಿನಿಂದ ಕನ್ನಡಕ್ಕೆ ತಂದು ಹಂಚುತ್ತೇವೆ. ಈ ಸಲ ಗಾಜಾ ಬಿಟ್ಟು ಬಂದು ಈಗ ಕೈರೋದಲ್ಲಿರುವ ಒಬ್ಬ ವರದಿಗಾರ್ತಿಯ ಬರಹ ತೆಗೆದುಕೊಳ್ಳೋಣ ಅಂತ ಮಾತಾಯಿತು. ಅವರಿಗೆ ಬರೆದೆವು, ಒಪ್ಪಿದ್ದಾರೆ. ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಅವರ ತಾಯಿ ಇನ್ನೂ ಗಾಜಾದಲ್ಲೇ ಇದ್ದಾರೆ.

ಬರಹ ಯಾವುದರ ಬಗ್ಗೆ ಅಂದರೆ, ಅವರ ಮತ್ತು ಇಸ್ರೇಲಿನ ಒಬ್ಬ ಯಹೂದಿ ಸಂಪಾದಕಿಯ ಬಗ್ಗೆ. ಇಬ್ಬರೂ ಮುಖಾಮುಖಿ ಭೇಟಿಯಾಗಿಲ್ಲ. ಆರು ವರ್ಷದಿಂದ ಫೋನಿನಲ್ಲೇ ಕೆಲಸ. 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಕೆಲವು ವಾರ ಇಬ್ಬರೂ ಮಾತೇ ಆಡಲಿಲ್ಲ. ಆ ಕಡೆ ಸಂಪಾದಕಿಯ ಬಂಧುವೊಬ್ಬರು ಸತ್ತಿದ್ದರು, ಈ ಕಡೆ ವರದಿಗಾರ್ತಿಯ ಮನೆ ನೆಲಸಮವಾಗಿತ್ತು. ಆಮೇಲೆ ಹೇಗೆ ಮತ್ತೆ ಮಾತು ಶುರುವಾಯಿತು, ಎಲ್ಲಿ ಮಾತು ಈಗಲೂ ಸಿಕ್ಕಿಕೊಳ್ಳುತ್ತದೆ, ಅದನ್ನೇ ಬರೆದಿದ್ದಾರೆ.

ನಮ್ಮ ಬಳಗದಲ್ಲಿ ಇದರ ಮೇಲೆ ಜಗಳವೇ ಆಯಿತು. ಅರ್ಧ ಜನ "ಇಂಥದ್ದನ್ನೇ ಹಾಕಬೇಕು" ಅಂದರು. ಇನ್ನರ್ಧ ಜನ "ಊರು ಸುಡುತ್ತಿರುವಾಗ ಗೆಳೆತನದ ಕಥೆ ಯಾಕೆ" ಅಂದರು. ಇನ್ನೊಂದು ಪ್ರಶ್ನೆ ನನ್ನದೇ. ಬರಹ ಹಾಕಿ ಸುಮ್ನೆ ಕೂತರೆ ಸಾಕಾ? ಅವರಿಗೆ ನಿಜವಾಗಿ ಉಪಯೋಗವಾಗುವುದು ಏನು? ನಿಮ್ಮಲ್ಲಿ ಆ ಕಡೆ ಇರುವವರು, ಸುದ್ದಿಮನೆಯಲ್ಲಿ ಇದ್ದವರು ಹೇಳಿ.

ಕುಂದಾಪ್ರದವ, ದೋಹಾ

ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ವಿಶ್ವಕಪ್‌ಗಾಗಿ ಕಟ್ಟಿದ ಅಲ್ ಥುಮಾಮಾ ವಸತಿಗಳಲ್ಲಿ ಈಗ ಗಾಜಾದಿಂದ ಚಿಕಿತ್ಸೆಗೆ ಬಂದ ಕುಟುಂಬಗಳಿವೆ. ನನ್ನ ಕೆಲಸದ ದಾರಿ ಅದರ ಪಕ್ಕದಲ್ಲೇ.

ಅಲ್ ಜಜೀರಾ ಟೀವಿಯ ಗಾಜಾ ಕಚೇರಿಯ ಮುಖ್ಯಸ್ಥರಾಗಿದ್ದ ವಾಇಲ್ ಅಲ್ ದಹ್ದೂಹ್ ಅವರದ್ದು ನಿಮಗೆಲ್ಲ ಗೊತ್ತಿರುತ್ತದೆ. 2023ರ ಅಕ್ಟೋಬರ್ 25ರಂದು ನುಸೇರಾತ್‌ನಲ್ಲಿ ಇಸ್ರೇಲ್ ದಾಳಿಗೆ ಹೆಂಡತಿ, ಒಬ್ಬ ಮಗ, ಮಗಳು, ಮೊಮ್ಮಗ ಸತ್ತರು. ಡಿಸೆಂಬರಿನಲ್ಲಿ ಖಾನ್ ಯೂನಿಸ್‌ನಲ್ಲಿ ಅವರಿಗೇ ಗಾಯವಾಯಿತು. ಜೊತೆಗಿದ್ದ ಕ್ಯಾಮೆರಾಮನ್ ಸಾಮರ್ ಅಬು ದಖ್ಖಾ ಉಳಿಯಲಿಲ್ಲ. ಜನವರಿ 7ಕ್ಕೆ ಹಿರಿಮಗ ಹಮ್ಜಾ, ಅವನೂ ಪತ್ರಕರ್ತ, ಕಾರಿನಲ್ಲಿದ್ದಾಗಲೇ ದಾಳಿಗೆ ಸತ್ತ. ಅದಾದ ಮೇಲೆಯೇ ಅವರು ಚಿಕಿತ್ಸೆಗೆ ಇಲ್ಲಿಗೆ ಬಂದಿದ್ದು. ಫೋಟೋಗ್ರಾಫರ್ ಮುಅತಜ್ ಅಜೈಜಾ ಕೂಡ ಅದೇ ತಿಂಗಳು ಇಲ್ಲಿಗೆ ಬಂದರು.

ಇವರೆಲ್ಲ ಹೆಸರು ಗೊತ್ತಿರುವವರು. ನಾನು ಹೇಳಬೇಕೆಂದಿರುವುದು ಹೆಸರು ಗೊತ್ತಿಲ್ಲದ ಒಬ್ಬರ ಬಗ್ಗೆ. ಗಾಜಾದ ಒಬ್ಬ ಕ್ಯಾಮೆರಾಮನ್ ಇಲ್ಲಿ ಚಹಾದಂಗಡಿಯಲ್ಲಿ ಪರಿಚಯವಾದರು. ಮಗಳ ಕಾಲಿನ ಆಪರೇಷನ್‌ಗೆ ಜೊತೆಗೆ ಬಂದವರು. ಕ್ಯಾಮೆರಾ ಅಲ್ಲೇ ಉಳಿಯಿತು. ಕೂತು ಮಾತಾಡುವಾಗ ಬಲ ಭುಜ ಒಂಚೂರು ಎತ್ತಿಕೊಂಡೇ ಇರುತ್ತಾರೆ. ಮೊದಲು ನೋವಿರಬೇಕು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅದು ಹದಿನೈದು ವರ್ಷ ಕ್ಯಾಮೆರಾ ಹೊತ್ತ ಭುಜ.

ಅವರಿಗೆ ಅಳುವವರು ಬೇಕಾಗಿಲ್ಲ. ಕೆಲಸ ಬೇಕು. ಅದನ್ನು ಬಾಯಿಬಿಟ್ಟು ಹೇಳಿದ್ದಾರೆ.

ಹಳೇ ಡೆಸ್ಕ್, ಬೆಂಗಳೂರು

ಕುಂದಾಪ್ರದವರು ಹೇಳಿದ್ದು ಸರಿ. ನಾನು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಇಪ್ಪತ್ತೆರಡು ವರ್ಷ ಇದ್ದೆ. ವಿದೇಶಿ ಪುಟ ನೋಡಿಕೊಳ್ಳುತ್ತಿದ್ದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಯುದ್ಧ ಶುರುವಾದಾಗಿನಿಂದ ಇಸ್ರೇಲ್ ಹೊರದೇಶದ ಪತ್ರಕರ್ತರನ್ನು ಗಾಜಾದೊಳಗೆ ಸ್ವತಂತ್ರವಾಗಿ ಬಿಡಲಿಲ್ಲ. ಸೇನೆಯ ಜೊತೆ ಹೋಗಿ, ಅವರು ತೋರಿಸಿದ್ದನ್ನು ನೋಡಿ ಬರಬಹುದಿತ್ತು, ಅಷ್ಟೇ. ಜೆರುಸಲೇಮಿನಲ್ಲಿರುವ ವಿದೇಶಿ ಪತ್ರಕರ್ತರ ಸಂಘ ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಜನವರಿಯಲ್ಲಿ ಅರ್ಜಿ ಬಿದ್ದುಹೋಯಿತು. ಮತ್ತೆ ಹೋದರು, ಮುಂದೂಡಿಕೆ ಮೇಲೆ ಮುಂದೂಡಿಕೆ. ಹಾಗಾಗಿ ನಾವು ನೀವು ಟೀವಿಯಲ್ಲಿ ಕಂಡ ಗಾಜಾದ ಚಿತ್ರಗಳೆಲ್ಲ ಹೆಚ್ಚೂಕಡಿಮೆ ಗಾಜಾದವರೇ ತೆಗೆದದ್ದು. ರಾಯಿಟರ್ಸ್, ಎಪಿ, ಎಎಫ್‌ಪಿ ಎಂಬ ಸುದ್ದಿಸಂಸ್ಥೆಗಳ ಹೆಸರಿನ ಹಿಂದೆ ಇದ್ದವರು ಅವರೇ.

ಪತ್ರಕರ್ತರ ರಕ್ಷಣಾ ಸಮಿತಿ, ಅಂದರೆ ಸಿಪಿಜೆ, 2024ರಲ್ಲಿ ಜಗತ್ತಿನಲ್ಲಿ ಕನಿಷ್ಠ 124 ಪತ್ರಕರ್ತರು ಮತ್ತು ಮಾಧ್ಯಮ ಕೆಲಸಗಾರರು ಸತ್ತರು ಅಂತ ಲೆಕ್ಕ ಕೊಟ್ಟಿತು. ಅದರಲ್ಲಿ 85 ಜನ ಇಸ್ರೇಲ್ ಸೇನೆಯಿಂದ ಸತ್ತವರು. ಸಿಪಿಜೆ ಲೆಕ್ಕ ಇಡಲು ಶುರು ಮಾಡಿ ಮೂವತ್ತು ವರ್ಷದ ಮೇಲಾಯಿತು. ಇಷ್ಟು ಕೆಟ್ಟ ವರ್ಷ ಅದಕ್ಕೆ ಮುಂಚೆ ಇರಲಿಲ್ಲ. ಆ ವರ್ಷದ ಡಿಸೆಂಬರ್ 1ರ ಎಣಿಕೆಯಲ್ಲಿ ಇಸ್ರೇಲಿನ ವಶದಲ್ಲಿ 43 ಪತ್ರಕರ್ತರಿದ್ದರು. ಚೀನಾ ಬಿಟ್ಟರೆ ಅದೇ ಜಾಸ್ತಿ. 2025ರ ಜುಲೈನಲ್ಲಿ ಎಎಫ್‌ಪಿಯ ಪತ್ರಕರ್ತರ ಸಂಘ ಒಂದು ಹೇಳಿಕೆ ಕೊಟ್ಟಿತು. 1944ರಲ್ಲಿ ಸಂಸ್ಥೆ ಹುಟ್ಟಿದಾಗಿನಿಂದ ಯುದ್ಧಗಳಲ್ಲಿ ಸಹೋದ್ಯೋಗಿಗಳನ್ನು ಕಳೆದುಕೊಂಡಿದ್ದೇವೆ, ಆದರೆ ಒಬ್ಬರು ಹಸಿವಿನಿಂದ ಸಾಯುವುದನ್ನು ನೋಡಿದ ನೆನಪು ನಮ್ಮಲ್ಲಿ ಯಾರಿಗೂ ಇಲ್ಲ ಅಂತ. ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಹೊರಬಂದವರ ವಿಷಯ. ಯಾರೂ ಜಾಸ್ತಿ ಮಾತಾಡದ ಒಂದು ಕಷ್ಟ ಇದೆ. ಗಾಜಾದಲ್ಲಿ ಇರುವ ತನಕ ಇವರ ಫೋನು ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಹತ್ತು ದೇಶದ ಡೆಸ್ಕು ಇವರ ಹಿಂದೆ. ಗಡಿ ದಾಟಿದ ಮಾರನೇ ದಿನ ಎಲ್ಲ ನಿಂತುಹೋಗುತ್ತದೆ. "ನೀವು ಈಗ ಅಲ್ಲಿ ಇಲ್ಲವಲ್ಲ" ಅನ್ನುತ್ತಾರೆ. ಇಪ್ಪತ್ತು ವರ್ಷದ ಪರಿಚಯ, ಭಾಷೆ, ಯಾವ ಓಣಿಯಲ್ಲಿ ಯಾರಿದ್ದಾರೆ ಅನ್ನುವ ತಿಳಿವಳಿಕೆ, ಯಾವುದಕ್ಕೂ ಬೆಲೆ ಇಲ್ಲ. ನಾನೇ ಡೆಸ್ಕಿನಲ್ಲಿ ಕೂತು ಬೇರೆ ಬೇರೆ ಯುದ್ಧಗಳಲ್ಲಿ ಇದೇ ತಪ್ಪು ಮಾಡಿದ್ದೇನೆ. ಊರು ಬಿಟ್ಟವರ ಕಾಪಿಯನ್ನು ಒಳಪುಟಕ್ಕೂ ತೆಗೆದುಕೊಂಡಿಲ್ಲ. ಅದರ ಬಗ್ಗೆ ಈಗ ಬೇಜಾರಿದೆ.

ಅದಕ್ಕೇ ಕೆಂಪುಮಣ್ಣು ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಸಂಭಾವನೆ ಕೊಡಿ. ದಾನ ಅಂತ ಬೇಡ, ಕೆಲಸಕ್ಕೆ ಕೂಲಿ ಅಂತ ಕೊಡಿ. ಒಂದು ಬರಹಕ್ಕೆ ನಿಲ್ಲಿಸದೆ ಮೂರೋ ನಾಲ್ಕೋ ಕೇಳಿ.

ವರದಾ ದಂಡೆ, ಹಾವೇರಿ

ಕೋಪ ಮಾಡಿಕೊಳ್ಳಬೇಡಿ. ನಾನು ತಾಲ್ಲೂಕು ವರದಿಗಾರ. ತಿಂಗಳಿಗೆ ಸಿಗುವುದು ಪೆಟ್ರೋಲಿಗೆ ಸಾಲದು. ಮರಳಿನ ಸುದ್ದಿ ಬರೆದಿದ್ದಕ್ಕೆ ಮನೆ ಮುಂದೆ ಬಂದು ಬೈಕಿಗೆ ಬೆಂಕಿ ಹಚ್ಚಿದರು. ಯಾರೂ ಕೇಳಲಿಲ್ಲ. ನಮ್ಮೂರಿನ ಪತ್ರಕರ್ತರಿಗೆ ಯಾರೂ ಇಲ್ಲದಿರುವಾಗ ಗಾಜಾದವರಿಗೆ ಹಣ ಕಳಿಸುವ ಮಾತು ನನಗೆ ಸ್ವಲ್ಪ ನೋವು ಕೊಡುತ್ತದೆ.

ಹಳೇ ಡೆಸ್ಕ್, ಬೆಂಗಳೂರು

ವರದಾ ದಂಡೆ, ನೀವು ಕೋಪ ಮಾಡಿಕೊಂಡರೂ ನ್ಯಾಯವೇ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ಅವರ ಮನೆ ಮುಂದೆ ನಿಂತವರಲ್ಲಿ ನಾನೂ ಒಬ್ಬ. ಅವತ್ತು ನಮ್ಮ ಬಗ್ಗೆ ಬರೆದ ಹೊರದೇಶದ ಪತ್ರಕರ್ತರು, ಹೇಳಿಕೆ ಕೊಟ್ಟ ಸಂಘಗಳು, ಅವರ್ಯಾರಿಗೂ ರಾಜರಾಜೇಶ್ವರಿ ನಗರ ಎಲ್ಲಿದೆ ಅಂತ ಗೊತ್ತಿರಲಿಲ್ಲ. ಆದರೂ ಆ ಸದ್ದು ಬೇಕಾಗಿತ್ತು. ನಿಮ್ಮ ಬೈಕಿನ ವಿಷಯ ನನಗೆ ಖಾಸಗಿಯಾಗಿ ಬರೆಯಿರಿ. ವಕೀಲರನ್ನು ನಾನು ನೋಡುತ್ತೇನೆ.

ವರದಾ ದಂಡೆ, ಹಾವೇರಿ

ಬರೆಯುತ್ತೇನೆ ಸರ್. ಥ್ಯಾಂಕ್ಸ್.

ಮೂಡಲ ಸೀಮೆ, ಕೋಲಾರ

ನನಗೊಂದು ನೇರ ಪ್ರಶ್ನೆ ಇದೆ. ಗಾಜಾದ ಪತ್ರಕರ್ತರಲ್ಲಿ ಹಮಾಸ್ ಜೊತೆ ಇದ್ದವರು ಯಾರೂ ಇಲ್ಲವಾ? ಇಸ್ರೇಲ್ ಹಾಗೆ ಹೇಳುತ್ತದೆ. ನಾವು ಕಣ್ಣುಮುಚ್ಚಿ ಎಲ್ಲರಿಗೂ ಬೆಂಬಲ ಕೊಟ್ಟರೆ ಆಮೇಲೆ ಮುಖ ಹೇಗೆ ತೋರಿಸುವುದು?

ಗೋಲಿಬಜೆ, ಲಂಡನ್

ಕೇಳಬೇಕಾದ ಪ್ರಶ್ನೆಯೇ. ಮಾನವ ಹಕ್ಕುಗಳ ಕಾನೂನು ಓದುತ್ತಿದ್ದೇನೆ, ತಿಳಿದಷ್ಟು ಹೇಳುತ್ತೇನೆ.

ಹಮಾಸ್ ನಡೆಸುವ ಚಾನೆಲ್ ಇದೆ, ಅಲ್ ಅಕ್ಸಾ ಟೀವಿ. ಅಲ್ಲಿ ಸಂಬಳಕ್ಕಿರುವವರಿದ್ದಾರೆ. ಅವರ ಸುದ್ದಿಯನ್ನು ನಂಬಬೇಕಾ ಅನ್ನುವುದು ಒಂದು ಪ್ರಶ್ನೆ. ಅವರನ್ನು ಕೊಲ್ಲಬಹುದಾ ಅನ್ನುವುದು ಬೇರೆಯದೇ ಪ್ರಶ್ನೆ. 1977ರ ಜಿನೀವಾ ಹೆಚ್ಚುವರಿ ಒಪ್ಪಂದದ 79ನೇ ವಿಧಿ ಪತ್ರಕರ್ತರನ್ನು ನಾಗರಿಕರು ಎಂದೇ ನೋಡಬೇಕು ಅನ್ನುತ್ತದೆ. ಯುದ್ಧದಲ್ಲಿ ನೇರವಾಗಿ ಸೇರಿದರೆ ಮಾತ್ರ ಆ ರಕ್ಷಣೆ ಹೋಗುತ್ತದೆ. ಒಂದು ಕಡೆಯ ಪರ ಮಾತಾಡಿದ ಮಾತ್ರಕ್ಕೆ ಹೋಗುವುದಿಲ್ಲ.

ಅಲ್ ಜಜೀರಾ ವರದಿಗಾರ ಅನಸ್ ಅಲ್ ಶರೀಫ್ ಅವರನ್ನು 2025ರ ಆಗಸ್ಟ್ 10ರಂದು ಅಲ್ ಶಿಫಾ ಆಸ್ಪತ್ರೆ ಹತ್ತಿರದ ಪತ್ರಕರ್ತರ ಡೇರೆಯಲ್ಲಿ ಇಸ್ರೇಲ್ ಕೊಂದಿತು. ಹಮಾಸ್ ತುಕಡಿಯ ಮುಖ್ಯಸ್ಥ ಅಂತ ಸೇನೆ ಹೇಳಿತು. ಆ ಆರೋಪಕ್ಕೆ ನಂಬುವಂಥ ಸಾಕ್ಷಿ ಇಲ್ಲ ಅಂತ ಸಿಪಿಜೆ ಹೇಳಿತು. ಅವರಿಗೆ ಜೀವಭಯ ಇದೆ ಅಂತ ಅದು ಕೆಲವೇ ವಾರಗಳ ಮುಂಚೆ ಎಚ್ಚರಿಸಿಯೂ ಇತ್ತು. ಆ ಡೇರೆಯಲ್ಲಿ ಅವರ ಜೊತೆ ಸತ್ತ ಉಳಿದವರ ಮೇಲೆ ಏನು ಆರೋಪ ಇತ್ತು? ಅದೇ ತಿಂಗಳ 25ಕ್ಕೆ ನಾಸರ್ ಆಸ್ಪತ್ರೆಯ ಮೇಲೆ ಎರಡು ಹೊಡೆತ ಬಿತ್ತು. ಎರಡನೆಯದು ಬಿದ್ದಾಗ ಮೊದಲಿನದರಲ್ಲಿ ಗಾಯಗೊಂಡವರನ್ನು ಎತ್ತಲು ಓಡಿ ಬಂದವರು ಅಲ್ಲಿದ್ದರು. ಐವರು ಪತ್ರಕರ್ತರು ಹೋದರು. ಎಪಿಗೆ ಕೆಲಸ ಮಾಡುತ್ತಿದ್ದ ಮರಿಯಮ್ ದಗ್ಗಾ ಅವರಲ್ಲೊಬ್ಬರು.

ಇನ್ನೊಂದು ಪಕ್ಕವೂ ಇದೆ. ಗಾಜಾದ ಪತ್ರಕರ್ತರಿಗೆ ಹಮಾಸ್ ಭಯವೂ ಇತ್ತು, ಯುದ್ಧಕ್ಕೆ ಮುಂಚಿನಿಂದಲೂ. ವೆಸ್ಟ್ ಬ್ಯಾಂಕಿನಲ್ಲಿ ಪ್ಯಾಲೆಸ್ಟೀನ್ ಪ್ರಾಧಿಕಾರವೇ 2025ರ ಜನವರಿಯಲ್ಲಿ ಅಲ್ ಜಜೀರಾವನ್ನು ನಿಲ್ಲಿಸಿತು. ಅದಕ್ಕೆ ಮುಂಚೆ ಇಸ್ರೇಲ್ ರಮಲ್ಲಾದ ಕಚೇರಿಗೆ ನುಗ್ಗಿ ಬೀಗ ಹಾಕಿತ್ತು. ಅಂದರೆ ಮೂರು ಕಡೆಯ ಆಳುವವರಿಗೂ ಇವರು ಬೇಡ. ಹೊರಬಂದವರು ಮೂವರ ಬಗ್ಗೆಯೂ ಬರೆಯಬಲ್ಲರು. ನನಗೆ ಅವರು ಮುಖ್ಯ ಅನ್ನಿಸುವುದು ಅದಕ್ಕೇ.

ಅಕ್ಟೋಬರ್ 7ರಂದು ಸತ್ತ ಪತ್ರಕರ್ತರನ್ನೂ ಮರೆಯಬಾರದು. ಇಸ್ರೇಲ್ ಹಾಯೋಮ್ ಪತ್ರಿಕೆಯ ಫೋಟೋಗ್ರಾಫರ್ ಯಾನಿವ್ ಜೋಹರ್ ಅವರನ್ನು ನಹಾಲ್ ಓಜ್ ಎಂಬ ಕಿಬುಟ್ಸ್‌ನಲ್ಲಿ, ಅಂದರೆ ಒಟ್ಟಾಗಿ ಬಾಳುವವರ ಹಳ್ಳಿಯಲ್ಲಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳ ಸಮೇತ ಹಮಾಸ್ ಕೊಂದಿತು. ನೀರ್ ಓಜ್ ಎಂಬ ಇನ್ನೊಂದು ಕಿಬುಟ್ಸ್‌ನಿಂದ ಒತ್ತೆಯಾಳಾಗಿ ಒಯ್ದ ಓದೆದ್ ಲಿಫ್ಶಿಟ್ಜ್‌ಗೆ ಆಗ 83 ವರ್ಷ. ಬದುಕಿಡೀ ಪತ್ರಕರ್ತ, ಶಾಂತಿಗಾಗಿ ಕೆಲಸ ಮಾಡಿದವರು. ಗಾಜಾದ ರೋಗಿಗಳನ್ನು ಗಡಿಯಿಂದ ತನ್ನದೇ ಕಾರಿನಲ್ಲಿ ಇಸ್ರೇಲಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. 2025ರ ಫೆಬ್ರವರಿಯಲ್ಲಿ ಅವರ ಹೆಣ ವಾಪಸ್ ಬಂತು.

ಮೂಡಲ ಸೀಮೆ, ಕೋಲಾರ

ಲಿಫ್ಶಿಟ್ಜ್ ವಿಷಯ ನನಗೆ ಗೊತ್ತಿರಲಿಲ್ಲ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಮಲ್ಲಿಗೆ ಮೊಗ್ಗು, ರಾಮತ್ ಗಾನ್

ನಾನು ಶಿರ್ವ ಕಡೆಯವಳು. ಇಸ್ರೇಲಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಉಡುಪಿ, ಮಂಗಳೂರು ಕಡೆಯ ನಮ್ಮವರು ಈ ಕೆಲಸದಲ್ಲಿ ಇಲ್ಲಿ ತುಂಬಾ ಇದ್ದಾರೆ. ನಾನು ಬರೆಯುವವಳಲ್ಲ, ತಪ್ಪಿದ್ದರೆ ತಿದ್ದಿಕೊಳ್ಳಿ.

ನಾನು ನೋಡಿಕೊಳ್ಳುವ ಅಜ್ಜಿಗೆ 88. ಬಗ್ದಾದಿನ ಯಹೂದಿ. 1951ರಲ್ಲಿ ವಿಮಾನದಲ್ಲಿ ಬಂದವರು. ಆ ಒಂದೂವರೆ ಎರಡು ವರ್ಷದಲ್ಲಿ ಇರಾಕಿನಿಂದ ಹೀಗೆ ಲಕ್ಷದ ಮೇಲೆ ಯಹೂದಿಗಳು ಬಂದರಂತೆ, ಒಂದು ಪೆಟ್ಟಿಗೆ, ಸ್ವಲ್ಪ ದುಡ್ಡು, ಅಷ್ಟೇ. ಅಜ್ಜಿಗೆ ಸಿಟ್ಟು ಬಂದರೆ ಹೀಬ್ರೂ ಬರುವುದಿಲ್ಲ, ಅರಬ್ಬಿಯೇ ಬರುವುದು. ನನ್ನನ್ನು ಬೈಯುವುದೂ ಅರಬ್ಬಿಯಲ್ಲೇ, ಮುದ್ದು ಮಾಡುವುದೂ ಅರಬ್ಬಿಯಲ್ಲೇ. ಸಂಜೆ ರೇಡಿಯೋದಲ್ಲಿ ಉಮ್ ಕುಲ್ಸುಮ್ ಹಾಡು ಬಂದರೆ ನಾನು ಪಾತ್ರೆ ತೊಳೆಯಬಾರದು, ಸದ್ದಾಗುತ್ತದೆ.

ಅವರು ಚಿಕ್ಕವರಿದ್ದಾಗ, 1941ರಲ್ಲಿ, ಬಗ್ದಾದಿನಲ್ಲಿ ಯಹೂದಿಗಳ ಮೇಲೆ ದೊಡ್ಡ ಗಲಭೆ ಆಯಿತು. ಅದಕ್ಕೆ ಫರ್ಹೂದ್ ಅನ್ನುತ್ತಾರೆ. ಎರಡು ದಿನದಲ್ಲಿ ನೂರೆಂಬತ್ತು ಜನರಷ್ಟು ಸತ್ತರಂತೆ. ಅಜ್ಜಿಯ ಮನೆಯವರನ್ನು ಪಕ್ಕದ ಮನೆಯ ಮುಸ್ಲಿಂ ಹೆಂಗಸು ತನ್ನ ಮಹಡಿಯಲ್ಲಿ ಮಲಗಿಸಿಕೊಂಡಳು. ಅಜ್ಜಿ ಎರಡನ್ನೂ ಹೇಳುತ್ತಾರೆ. ಅಂಗಡಿ ಸುಟ್ಟವರನ್ನೂ ಮರೆತಿಲ್ಲ, ಮಹಡಿಯ ಬಾಗಿಲು ಹಾಕಿಕೊಂಡವಳನ್ನೂ ಮರೆತಿಲ್ಲ. ಮಗ ಬಂದರೆ ಮೊದಲನೆಯದು ಮಾತ್ರ ಕೇಳುತ್ತಾನೆ.

ನಮ್ಮ ಬೀದಿಯ ಮೆಡಿಕಲ್ ಶಾಪಿನ ಹುಡುಗಿ ಅರಬ್ ಮುಸ್ಲಿಂ, ಇಲ್ಲಿನದೇ ಪ್ರಜೆ. ಇಲ್ಲಿ ಐದು ಜನರಲ್ಲಿ ಒಬ್ಬರು ಅರಬರು. 2025ರ ಜೂನಿನಲ್ಲಿ ಇರಾನ್ ಮಿಸೈಲ್ ಬಿಟ್ಟಾಗ ತಮ್ರಾ ಅನ್ನುವ ಅರಬ್ ಊರಲ್ಲಿ ಒಂದೇ ಮನೆಯ ನಾಲ್ವರು ಹೆಣ್ಣುಮಕ್ಕಳು ಸತ್ತರು. ಮಾರನೇ ದಿನ ಆ ಹುಡುಗಿ ಅಜ್ಜಿಗೆ ಬಿ.ಪಿ. ಮಾತ್ರೆ ಕೊಡುವಾಗ ಕೈ ನಡುಗುತ್ತಿತ್ತು. ಅಜ್ಜಿ ಅವಳ ಕೈ ಹಿಡಿದು ಅರಬ್ಬಿಯಲ್ಲಿ ಏನೋ ಹೇಳಿದರು. ಇಬ್ಬರೂ ಅತ್ತರು. ಅದೇ ಅಜ್ಜಿ ಗಾಜಾದ ಸುದ್ದಿ ಬಂದರೆ ಟೀವಿ ಆರಿಸುತ್ತಾರೆ. ನೋಡಲು ಒಪ್ಪುವುದಿಲ್ಲ. ನನಗೆ ಅದು ಅರ್ಥವಾಗುವುದಿಲ್ಲ, ಆದರೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಕೆಂಪುಮಣ್ಣು, ಶಿವಮೊಗ್ಗ

ಮಲ್ಲಿಗೆ ಮೊಗ್ಗು, ನೀವು ಬರೆಯುವವರಲ್ಲ ಅಂದವರು ಯಾರು? ಇದನ್ನು ಎರಡು ಸಲ ಓದಿದೆ. ಟೀವಿ ಆರಿಸುವ ಅಜ್ಜಿ, ಕೈ ಹಿಡಿಯುವ ಅಜ್ಜಿ, ಇಬ್ಬರೂ ಒಬ್ಬರೇ. ನಮ್ಮ ಬಳಗದ ಜಗಳಕ್ಕೆ ಬೇಕಾಗಿದ್ದದ್ದು ಇದೇ.

ಬಯಲು, ಧಾರವಾಡ

ನಾನು ಆ ಜಗಳದಲ್ಲಿ "ಬೇಡ" ಅಂದ ಕಡೆಯವಳು. ಯಾಕೆ ಅಂತ ಹೇಳುತ್ತೇನೆ.

ಮುಸ್ಲಿಂ ಯಹೂದಿ ಗೆಳೆತನದ ಸುದ್ದಿ ಓದಿದಾಗ ನಮಗೆ ಹಾಯ್ ಅನ್ನಿಸುತ್ತದೆ. ಆ ಹಾಯ್ ಅನ್ನಿಸುವುದೇ ನನಗೆ ಭಯ. ಓದಿ ಮುಗಿಸಿ "ಜನ ಒಳ್ಳೆಯವರೇ, ರಾಜಕಾರಣಿಗಳು ಕೆಟ್ಟವರು" ಅಂದು ಪುಟ ಮುಚ್ಚುತ್ತೇವೆ. ಆದರೆ ಒಬ್ಬಳ ಹತ್ತಿರ ಪಾಸ್‌ಪೋರ್ಟ್ ಇದೆ, ಕೋರ್ಟ್ ಇದೆ, ಸೈರನ್ ಇದೆ, ಬಂಕರ್ ಇದೆ. ಇನ್ನೊಬ್ಬಳ ಹತ್ತಿರ ಏನಿದೆ? ಇಬ್ಬರೂ ಫೋನಿನಲ್ಲಿ ಮಾತಾಡಿದರೆ ಇಬ್ಬರೂ ಸಮ ಅಂತ ಓದುಗರಿಗೆ ಅನ್ನಿಸಬಾರದು. ಗೆಳೆತನ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದರ ಕೆಳಗಿನ ನೆಲ ಓರೆಯಾಗಿದೆ, ಅದೂ ಕಾಣಬೇಕು.

ಗೋಲಿಬಜೆ, ಲಂಡನ್

ಬಯಲು ಹೇಳಿದ್ದು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಒಟ್ಟಿಗೆ ಕೂತು ಕೆಲಸ ಮಾಡಿದವರ ಕಡೆ ಜಾಸ್ತಿ ನೋಡಬೇಕು. +972 ಅನ್ನುವ ಪತ್ರಿಕೆ ಇದೆ, 2010ರಲ್ಲಿ ಶುರುವಾದದ್ದು. ಇಸ್ರೇಲಿಗೂ ಪ್ಯಾಲೆಸ್ಟೀನ್ ಪ್ರದೇಶಗಳಿಗೂ ಫೋನ್ ಮಾಡುವಾಗ ಹೊಡೆಯುವ ಸಂಖ್ಯೆ ಅದು, ಅದನ್ನೇ ಹೆಸರಿಟ್ಟುಕೊಂಡರು. ಎರಡೂ ಕಡೆಯ ಪತ್ರಕರ್ತರು ಅಲ್ಲಿ ಬರೆಯುತ್ತಾರೆ. 2024ರಲ್ಲಿ ಇಸ್ರೇಲ್ ಸೇನೆ ಗಾಜಾದಲ್ಲಿ ಯಾರ ಮೇಲೆ ಬಾಂಬ್ ಹಾಕಬೇಕು ಅಂತ ಪಟ್ಟಿ ಮಾಡಲು ಕಂಪ್ಯೂಟರ್ ವ್ಯವಸ್ಥೆ ಬಳಸಿದ್ದನ್ನು ಹೊರಗೆ ತಂದವರು ಅಲ್ಲಿನ ಯುವಾಲ್ ಅಬ್ರಹಾಂ, ಇಸ್ರೇಲಿ ಯಹೂದಿ. ಆ ವರದಿ ಓದಿದವರಿಗೆ ಹಾಯ್ ಅನ್ನಿಸುವುದಿಲ್ಲ.

ಅಹ್ಮದ್ ಅಲ್ ನಾಊಕ್ ಅವರನ್ನೂ ನೋಡಿ. ಗಾಜಾದ ಹುಡುಗ ಹುಡುಗಿಯರ ಬರಹ ಜಗತ್ತಿಗೆ ತಲುಪಿಸಲು 2015ರ ಹೊತ್ತಿಗೆ ಶುರುವಾದ 'ನಾವು ಬರೀ ಸಂಖ್ಯೆಗಳಲ್ಲ' ಅನ್ನುವ ಬಳಗದ ಸ್ಥಾಪಕರಲ್ಲಿ ಒಬ್ಬರು. ಗಾಜಾದ ಬರಹಗಳನ್ನು ಹೀಬ್ರೂಗೆ ತಂದು ಇಸ್ರೇಲಿಗಳಿಗೆ ಓದಿಸುವ ಕೆಲಸಕ್ಕೂ ಕೈಹಾಕಿದವರು. ಈಗ ಲಂಡನ್‌ನಲ್ಲಿ ಇದ್ದಾರೆ. 2023ರ ಅಕ್ಟೋಬರ್ 22ರಂದು ದೇರ್ ಅಲ್ ಬಲಹ್‌ನಲ್ಲಿ ಒಂದೇ ಬಾಂಬಿಗೆ ಅವರ ಮನೆಯ 21 ಜನ ಹೋದರು. ತಂದೆ, ಒಡಹುಟ್ಟಿದವರು, ಅವರ ಮಕ್ಕಳು. ಹೀಬ್ರೂ ಓದುಗರನ್ನು ತಲುಪಲು ಅಷ್ಟು ಕಷ್ಟಪಟ್ಟ ಮನುಷ್ಯನಿಗೆ ಆದದ್ದು ಇದು. ಇದನ್ನೂ ಬರೆಯಬೇಕು, ಅವರು ತಲುಪಲು ನೋಡಿದ್ದನ್ನೂ ಬರೆಯಬೇಕು. ಒಂದನ್ನು ಬಿಟ್ಟು ಇನ್ನೊಂದು ಬೇಡ.

ತೆಂಕಣ ಗಾಳಿ, ಮಂಗಳೂರು

"ಸಾವಿರಾರು ವರ್ಷದ ಹಗೆ" ಅಂತ ನಮ್ಮ ಚಾನೆಲ್‌ಗಳು ಶುರು ಮಾಡುತ್ತವಲ್ಲ, ಅದಕ್ಕೆ ನನ್ನ ಊರಿನದ್ದೇ ಒಂದು ಉತ್ತರ.

ಸುಮಾರು 1132ರಿಂದ 1149ರವರೆಗೆ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿದ್ದ. ಟುನೀಶಿಯಾದ ಮಹ್ದಿಯಾದವನು. ಇಲ್ಲಿ ಕಂಚಿನ ಸಾಮಾನು ಮಾಡಿಸುತ್ತಿದ್ದ, ಮೆಣಸು, ಅಡಿಕೆ ಕಳಿಸುತ್ತಿದ್ದ. ಅಶು ಅನ್ನುವ ಇಲ್ಲಿನ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ, ಆ ಪತ್ರ ಇವತ್ತಿಗೂ ಇದೆ. ಅವನ ಆಳು ಮತ್ತು ವ್ಯಾಪಾರದ ಬಲಗೈ ಬೊಮ್ಮ. ಯೆಮನ್‌ನ ಏಡನ್‌ನಿಂದ ಬರುವ ಕಾಗದಗಳಲ್ಲಿ ಬೊಮ್ಮನಿಗೂ ಕುಶಲ ಕೇಳುತ್ತಿದ್ದರು. ಅವನ ಸರಕು ಹೋಗುತ್ತಿದ್ದದ್ದರಲ್ಲಿ ರಾಮಿಷ್ತ್ ಎಂಬ ಮುಸ್ಲಿಂ ನಾವಿಕ ವರ್ತಕನ ಹಡಗುಗಳೂ ಇದ್ದವು. ಇದೆಲ್ಲ ಗೊತ್ತಾದದ್ದು ಕೈರೋದ ಬೆನ್ ಎಜ್ರಾ ಸಿನಗಾಗಿನ (ಯಹೂದಿಗಳ ಪ್ರಾರ್ಥನಾ ಮಂದಿರ) ಗೆನೀಜಾದಲ್ಲಿ, ಅಂದರೆ ಹಳೇ ಕಾಗದ ಹಾಕಿಡುವ ಕೋಣೆಯಲ್ಲಿ, ಉಳಿದ ಕಾಗದಗಳಿಂದ. ಅವುಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಬರೆಯುವ ಕಾಗದವನ್ನೂ ಏಡನ್‌ನ ಗೆಳೆಯರೇ ಕಳಿಸಬೇಕಿತ್ತು, ಸಕ್ಕರೆ, ದ್ರಾಕ್ಷಿ ಜೊತೆಗೆ.

ಆ ಕಾಲ ಬಂಗಾರದ್ದು ಅಂತ ಹೇಳುತ್ತಿಲ್ಲ. ಅದೇ ವರ್ಷಗಳಲ್ಲಿ ಉತ್ತರ ಆಫ್ರಿಕಾದಲ್ಲಿ ಅಲ್ಮೊಹಾದ್ ದೊರೆಗಳು ಯಹೂದಿಗಳನ್ನು ಬಲವಂತವಾಗಿ ಮತಾಂತರ ಮಾಡುತ್ತಿದ್ದರು. ದೊಡ್ಡ ಪಂಡಿತ ಮೈಮೊನಿಡೀಸ್‌ನ ಮನೆಯವರು ಸ್ಪೇನಿನ ಕಾರ್ಡೋಬಾ ಬಿಟ್ಟು ಓಡಿದರು. ಆದರೆ ಅವನಿಗೆ ಕೊನೆಗೆ ನೆಲೆ ಸಿಕ್ಕಿದ್ದೂ ಕೈರೋದ ಮುಸ್ಲಿಂ ಆಸ್ಥಾನದಲ್ಲೇ, ವೈದ್ಯನಾಗಿ. ನಿಮ್ಮ ವರದಿಗಾರ್ತಿ ಇರುವ ಊರೇ ಅದು, ಅಲ್ವಾ?

ಶಹಾಬಾದಿ ಕಲ್ಲು, ಕಲಬುರಗಿ

ನಾನು ಉರ್ದು, ಅರಬ್ಬಿ ಸ್ವಲ್ಪ ಓದಿದವನು. ಪದಗಳ ಬಗ್ಗೆ ಮಾತ್ರ ಹೇಳುತ್ತೇನೆ.

ಮೊದಲನೆಯದು, ತಲೆಬರಹ. ನಮ್ಮ ಪತ್ರಿಕೆಗಳಲ್ಲಿ "ಯಹೂದಿಗಳ ದಾಳಿ", "ಮುಸ್ಲಿಮರ ಪ್ರತಿದಾಳಿ" ಅಂತ ಬರುತ್ತದೆ. ದಾಳಿ ಮಾಡಿದ್ದು ಇಸ್ರೇಲ್ ಸೇನೆ ಆದರೆ ಇಸ್ರೇಲ್ ಸೇನೆ ಅಂತಲೇ ಬರೆಯಿರಿ. ಹಮಾಸ್ ಆದರೆ ಹಮಾಸ್. ಜೆನಿನ್‌ನಲ್ಲಿ 2022ರ ಮೇ 11ರಂದು ಗುಂಡಿಗೆ ಬಲಿಯಾದ ಅಲ್ ಜಜೀರಾ ವರದಿಗಾರ್ತಿ ಶಿರೀನ್ ಅಬು ಅಕ್ಲೆ ಕ್ರೈಸ್ತರು. ಅವರ ಶವಪೆಟ್ಟಿಗೆ ಹೊತ್ತವರನ್ನು ಇಸ್ರೇಲ್ ಪೊಲೀಸರು ಲಾಠಿಯಿಂದ ಹೊಡೆದಾಗ ಪೆಟ್ಟಿಗೆ ಓರೆಯಾಗಿ ಬೀಳುವಂತಾದದ್ದನ್ನು ಇಡೀ ಜಗತ್ತು ನೋಡಿತು. ಆಕೆಯನ್ನು ಮುಸ್ಲಿಂ ಪತ್ರಕರ್ತೆ ಅಂತ ಬರೆದ ಕನ್ನಡ ತುಣುಕು ನಾನೇ ಓದಿದ್ದೇನೆ. ಹಾಗೆಯೇ ಗಾಜಾದ ಬಗ್ಗೆ ತನ್ನ ಸರ್ಕಾರವನ್ನೇ ಪ್ರಶ್ನಿಸಿದ ಹಾರೆತ್ಜ್ ಪತ್ರಿಕೆಗೆ 2024ರ ನವೆಂಬರಿನಲ್ಲಿ ಇಸ್ರೇಲ್ ಸರ್ಕಾರ ಜಾಹೀರಾತು ನಿಲ್ಲಿಸಿತು. ಆ ಪತ್ರಿಕೆಯ ಅಮೀರಾ ಹಾಸ್ ಗಾಜಾದಲ್ಲೇ ವರ್ಷಗಟ್ಟಲೆ ಮನೆ ಮಾಡಿಕೊಂಡಿದ್ದು ಬರೆದವರು, ಯಹೂದಿ. "ಯಹೂದಿಗಳು" ಅಂತ ಒಂದೇ ಮಾತಿನಲ್ಲಿ ಅಂದರೆ ಇವರೆಲ್ಲಿ ಹೋಗಬೇಕು?

ಎರಡನೆಯದು, ನೀವು ಬರಹಕ್ಕೆ ಹೆಸರಿಡುವಾಗ "ದೇಶಭ್ರಷ್ಟ ಪತ್ರಕರ್ತೆ" ಅಂತ ಹಾಕಬೇಡಿ. ಅದರಲ್ಲಿ ಭ್ರಷ್ಟ ಇದೆ. "ಗಡಿಪಾರು" ಅಂದರೆ ನಮ್ಮಲ್ಲಿ ರೌಡಿಗೆ ಪೊಲೀಸರು ಮಾಡುವುದು. ಅರಬ್ಬಿಯಲ್ಲಿ ಇವರೆಲ್ಲ ಹೇಳುವ ಪದ ಗುರ್ಬಾ. ಊರಿನಿಂದ ದೂರ, ಪರಕೀಯವಾಗಿ ಇರುವುದು. ಅದೇ ಬೇರಿನ ಪದ ಗರೀಬ್, ಅರಬ್ಬಿಯಲ್ಲಿ ಪರಸ್ಥಳದವನು. ಅದು ಫಾರಸಿ, ಉರ್ದು ದಾರಿಯಲ್ಲಿ ನಮ್ಮ ಕಡೆ ಬರುವಷ್ಟರಲ್ಲಿ ಬಡವ ಆಯಿತು. ನಮ್ಮಲ್ಲಿ ಹಳ್ಳಿ ಮುದುಕಿಯೂ "ಗರೀಬ ಅದಾನ, ಬಿಡ್ರಿ" ಅಂತಾಳೆ. ಊರು ಹೋದವನು ಬಡವ ಆಗುವುದು ಆ ಒಂದೇ ಪದದಲ್ಲಿದೆ. ನನ್ನ ಕೇಳಿದರೆ "ಗುರ್ಬಾ" ಅಂತಲೇ ಇಡಿ. ಕನ್ನಡದವರಿಗೆ ಅರ್ಥವಾಗುತ್ತದೆ.

ಬಯಲು, ಧಾರವಾಡ

ಶಹೀದ್ ಅನ್ನುವ ಪದ ಬರಹದಲ್ಲಿ ಏಳು ಸಲ ಇದೆ. ಹುತಾತ್ಮ ಅಂತ ಮಾಡೋಣವೇ?

ಶಹಾಬಾದಿ ಕಲ್ಲು, ಕಲಬುರಗಿ

ಬೇಡ. ಶಹೀದ್ ಹಾಗೇ ಇರಲಿ. ಪ್ಯಾಲೆಸ್ಟೀನಿನವರು ಈ ಸಂಘರ್ಷದಲ್ಲಿ ಸತ್ತ ಎಲ್ಲರಿಗೂ ಅದನ್ನೇ ಹೇಳುತ್ತಾರೆ, ಹಾಲು ಕುಡಿಯುವ ಕೂಸಿಗೂ. ಕ್ರೈಸ್ತರಾದ ಶಿರೀನ್‌ಗೂ ಶಹೀದಾ ಅಂದರು. ಕನ್ನಡದಲ್ಲಿ ಹುತಾತ್ಮ ಅಂದ ಕೂಡಲೇ ಯುದ್ಧಕ್ಕೆ ಹೋದವನು ಕಣ್ಣಿಗೆ ಬರುತ್ತಾನೆ. ಅರ್ಥ ಕೆಟ್ಟುಹೋಗುತ್ತದೆ.

ಕುಂದಾಪ್ರದವ, ದೋಹಾ

ಹಣದ ವಿಷಯಕ್ಕೆ ಬನ್ನಿ. ಕೈರೋದಲ್ಲಿರುವವರ ಕಷ್ಟ ಬೇರೆ. 2024ರ ಮೇ ತನಕ ರಫಾ ಗಡಿಯಿಂದ ಹೊರಬರಲು ಒಬ್ಬ ದೊಡ್ಡವರಿಗೆ ಸುಮಾರು 5,000 ಡಾಲರ್ ಕೊಡಬೇಕಿತ್ತು. ಒಡವೆ ಮಾರಿ, ಸಾಲ ಮಾಡಿ, ಜಗತ್ತಿನ ಮುಂದೆ ಚಂದಾ ಎತ್ತಿ ಬಂದವರು. ಬಂದ ಮೇಲೆ ಹೆಚ್ಚಿನವರಿಗೆ ವಾಸದ ಪರವಾನಗಿ ಇಲ್ಲ. ಅದಿಲ್ಲದೆ ಬ್ಯಾಂಕ್ ಖಾತೆ ಇಲ್ಲ, ಮಕ್ಕಳಿಗೆ ಸರ್ಕಾರಿ ಶಾಲೆ ಇಲ್ಲ, ಕಾನೂನುಬದ್ಧ ಕೆಲಸ ಇಲ್ಲ. ಪ್ಯಾಲೆಸ್ಟೀನ್ ನಿರಾಶ್ರಿತರಿಗಾಗಿಯೇ ಇರುವ ವಿಶ್ವಸಂಸ್ಥೆಯ ಯುಎನ್‌ಆರ್‌ಡಬ್ಲ್ಯೂಎ ಈಜಿಪ್ಟಿನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ಖಾತೆಗೆ ಹಾಕುತ್ತೇವೆ ಅಂದರೆ ಆಗುವುದಿಲ್ಲ. ಯಾವ ದಾರಿ ಸುರಕ್ಷಿತ ಅಂತ ಅವರನ್ನೇ ಕೇಳಿ.

ಹಳೇ ಡೆಸ್ಕ್, ಬೆಂಗಳೂರು

ಇಲ್ಲಿಂದ ಕಳಿಸುವವರು ಬ್ಯಾಂಕಿನ ಮೂಲಕವೇ, ಎ2 ಫಾರಂ ತುಂಬಿ, ಉದ್ದೇಶ ಸರಿಯಾಗಿ ಬರೆದು ಕಳಿಸಿ. ಯಾರೋ ಗೊತ್ತಿಲ್ಲದವರು ಗಾಜಾ ಪತ್ರಕರ್ತ ಅಂತ ಮೆಸೇಜ್ ಹಾಕಿದರೆ ಕಳಿಸಬೇಡಿ, ಮೋಸ ನಡೆಯುತ್ತಿದೆ. ದಾನ ಕೊಡಬೇಕು ಅನ್ನಿಸಿದವರಿಗೆ ದೊಡ್ಡ ದಾರಿಗಳಿವೆ: ಅಂತರರಾಷ್ಟ್ರೀಯ ಪತ್ರಕರ್ತರ ಒಕ್ಕೂಟದ ಸುರಕ್ಷಾ ನಿಧಿ, ಸಿಪಿಜೆ, ಗಡಿಗಳಿಲ್ಲದ ವರದಿಗಾರರು. ಅವರು ಪರಿಶೀಲನೆ ಮಾಡಿ ಕೊಡುತ್ತಾರೆ.

ಕೆಂಪುಮಣ್ಣು, ಶಿವಮೊಗ್ಗ

ನಿನ್ನೆ ರಾತ್ರಿ ಬಳಗದವರೆಲ್ಲ ಫೋನಿನಲ್ಲಿ ಸೇರಿದ್ದೆವು. ಬರಹ ಹಾಕುತ್ತೇವೆ, ಪೂರ್ತಿಯಾಗಿ. ಇಬ್ಬರೂ ಇನ್ನೂ ಜಗಳವಾಡುವ ಭಾಗವನ್ನು ಕತ್ತರಿಸುವುದಿಲ್ಲ. ಆ ಸಂಪಾದಕಿ "ಹಸಿವು" ಅನ್ನುವ ಪದವನ್ನು ಬದಲಿಸಲು ಕೇಳಿದ್ದು, ಇವರು ಒಪ್ಪದೆ ಇದ್ದದ್ದು, ಮೂರು ದಿನ ಬಿಟ್ಟು ಆಕೆಯೇ ಫೋನ್ ಮಾಡಿ ಆ ಪದ ಇರಲಿ ಅಂದದ್ದು, ಎಲ್ಲ ಬರುತ್ತದೆ. ಬಯಲು ಅವರೇ ಅನುವಾದ ಮಾಡಲು ಒಪ್ಪಿದ್ದಾರೆ. ಹೆಸರು 'ಗುರ್ಬಾ'. ಹದಿನಾಲ್ಕು ಜನ ಹಂಚಿಕೊಂಡು ನಾಲ್ಕು ಬರಹಕ್ಕೆ ಮುಂಗಡ ಕೊಡುತ್ತೇವೆ. ಎರಡನೆಯದು ಕೈರೋದಲ್ಲಿ ಶಾಲೆ ಇಲ್ಲದ ಗಾಜಾದ ಮಕ್ಕಳ ಬಗ್ಗೆ, ವಿಷಯ ಅವರದ್ದೇ ಆಯ್ಕೆ. ಮಲ್ಲಿಗೆ ಮೊಗ್ಗು ಅವರು ಅಜ್ಜಿಯನ್ನು ಕೇಳಿ ಒಪ್ಪಿದರೆ, ಬಗ್ದಾದಿನ ಮಹಡಿಯ ಕಥೆಯನ್ನೂ ಹಾಕುತ್ತೇವೆ, ಅದಕ್ಕೂ ಅಷ್ಟೇ ಸಂಭಾವನೆ.

ಬೆಳಿಗ್ಗೆ ಅವರಿಗೆ ಇದನ್ನೆಲ್ಲ ಬರೆದೆ. ಮೊತ್ತದ ಬಗ್ಗೆ ಒಂದು ಮಾತೂ ಇಲ್ಲ. ಒಂದೇ ಕೋರಿಕೆ ಕಳಿಸಿದ್ದಾರೆ. ರಸೀತಿಯಲ್ಲಿ ಅವರ ಕೆಲಸ "ವರದಿಗಾರ್ತಿ" ಅಂತ ಇರಬೇಕಂತೆ. ಕೈರೋಗೆ ಬಂದ ಮೇಲೆ ಆ ಪದ ಯಾವ ಕಾಗದದ ಮೇಲೂ ಬಂದಿಲ್ಲವಂತೆ.

ಶಹಾಬಾದಿ ಕಲ್ಲು, ಕಲಬುರಗಿ

ರಸೀತಿ ನಾನು ಬರೆದುಕೊಡುತ್ತೇನೆ. ಮೇಲೆ ಕನ್ನಡ, ಕೆಳಗೆ ಅರಬ್ಬಿ. ವರದಿಗಾರ್ತಿಗೆ ಅರಬ್ಬಿಯಲ್ಲಿ ಸಹಫಿಯ್ಯಾ. ದೋಹಾದವರೇ, ಕಳಿಸುವ ಮುಂಚೆ ಆ ನಿಮ್ಮ ಕ್ಯಾಮೆರಾಮನ್‌ಗೆ ಒಂದು ಸಲ ತೋರಿಸಿ, ಕಾಗುಣಿತ ನೋಡಲಿ.